ತಾತ ಹಾಡದ ಹಾಡುಗಳು

ಹೆಂಬ್ಲಿಂಗ್, ನಾರ್ಫೋಕ್
ಸೋಮವಾರ, 6 ಫೆಬ್ರವರಿ 1967

ಮಗು ಕ್ಲೆಮ್,

ಇವತ್ತು ಬೆಳಿಗ್ಗೆ ನಿನ್ನ ತಾತನ ಹೆಸರಿಗೆ ಲಂಡನ್ನಿನಿಂದ ಒಂದು ಪತ್ರ ಬಂತು. ಲಕೋಟೆಯ ಮೇಲೆ ‘ಶ್ರೀ ಜೇಬೆಜ್ ಲಾರ್ಟರ್, ಗಾಯಕರು’ ಎಂದಿತ್ತು. ಅಂಚೆಯವಳು ಅದನ್ನು ನನ್ನ ಕೈಗೆ ಕೊಡುತ್ತಾ, “ಏನ್ ಥರ್ಜಾ, ನಿಮ್ಮ ಮಾವ ಯಾವಾಗಿಂದ ಗಾಯಕರಾದ್ರು?” ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಬಾಗಿಲು ಹಾಕಿಕೊಂಡೆ.

ತಾತ ಆಗ ಕೋಳಿಗೂಡಿನ ಹತ್ತಿರ ಇದ್ದರು. ನಾನು ಲಕೋಟೆ ಒಡೆದೆ. ನಲವತ್ತೊಂಬತ್ತು ವರ್ಷದ ಬದುಕಿನಲ್ಲಿ ಇನ್ನೊಬ್ಬರ ಪತ್ರ ಒಡೆದದ್ದು ಇದೇ ಮೊದಲು. ಬರೆದವರು ಯಾರೋ ಲಾರಿಮರ್ ಅಂತ. ಹಳ್ಳಿ ಹಳ್ಳಿ ತಿರುಗಿ ಹಳೆಯ ಹಾಡು ಕೂಡಿಸುವವರಂತೆ. ನಿನ್ನ ಹಾಡುಗಳ ರೆಕಾರ್ಡು ಬಂದಿದೆಯಂತೆ, ಅದರಲ್ಲಿರುವ ಹನ್ನೊಂದು ಹಾಡನ್ನೂ ತಾತ ನೇಗಿಲ ಹಿಂದೆ ನಡೆಯುತ್ತಾ ನಿನಗೆ ಬಾಯಿಪಾಠ ಮಾಡಿಸಿದರಂತೆ. ‘ನಿಮ್ಮಂಥವರು ಇನ್ನು ದೇಶದಲ್ಲಿ ಬೆರಳೆಣಿಕೆಯಷ್ಟು. ನಿಮ್ಮ ಬಾಯಿಂದಲೇ ಕೇಳಿ ದಾಖಲಿಸಲು ಟೇಪ್ ರೆಕಾರ್ಡರ್ ತೆಗೆದುಕೊಂಡು ಮಾರ್ಚ್ ನಾಲ್ಕಕ್ಕೆ ಬರುತ್ತೇನೆ’ ಎಂದು ಬರೆದಿದ್ದಾರೆ.

ಕ್ಲೆಮ್, ನೀನು ಅವರಿಗೆ ಏನು ಹೇಳಿದ್ದೀಯ? ಪ್ರಾರ್ಥನಾ ಮಂದಿರದ ಕೀರ್ತನೆ ಬಿಟ್ಟರೆ ತಾತನ ತುಟಿಯಿಂದ ಒಂದು ಸಾಲು ಹೊರಬಂದದ್ದನ್ನು ಈ ಊರಲ್ಲಿ ಯಾರಾದರೂ ಕೇಳಿದ್ದಾರಾ? ಪಬ್ಬಿನ ಹಾಡು, ಕುಣಿತ ಅಂದರೆ ಅವರಿಗೆ ಪಾಪ. ನಾನು ಸೊಸೆಯಾಗಿ ಬಂದ ವಾರವೇ, “ಈ ಮನೇಲಿ ಅದೆಲ್ಲ ಬೇಡ ಥರ್ಜಾ” ಎಂದು ಹೇಳಿದವರು. ನಿನ್ನಪ್ಪ ತನ್ನ ಮೆಲೋಡಿಯನ್ ತಿದಿವಾದ್ಯ ನುಡಿಸಬೇಕಾದರೆ ಊರಾಚೆ ಹೋಗಬೇಕಿತ್ತು.

ಆ ಹಾಡುಗಳು ಎಲ್ಲಿಂದ ಬಂದವು ಎಂದು ನಿನಗೆ ಗೊತ್ತು. ನಾನು ಬರೆಯಬೇಕಾಗಿಲ್ಲ.

ಪತ್ರವನ್ನು ನನ್ನ ಮೇಲಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಬೇಗ ಉತ್ತರ ಬರೆ.

ನಿನ್ನ ಅಮ್ಮ
ಥರ್ಜಾ


ಕೆಂಟಿಶ್ ಟೌನ್, ಲಂಡನ್
10 ಫೆಬ್ರವರಿ

ಅಮ್ಮ,

ನಾಲ್ಕು ಸಲ ಬರೆದು ಹರಿದುಹಾಕಿದೆ. ಇದನ್ನು ಹರಿಯುವುದಿಲ್ಲ.

ಮೂರು ವರ್ಷದ ಹಿಂದೆ ಇಲ್ಲಿಯ ಒಂದು ಪಬ್ಬಿನ ಮಹಡಿಯಲ್ಲಿ ನಡೆಯುವ ಹಾಡಿನ ಕ್ಲಬ್ಬಿನಲ್ಲಿ ‘ಉಪ್ಪಿನ ಹುಡುಗಿ’ ಹಾಡಿದೆ. ಅಲ್ಲಿಗೆ ಬರುವವರೆಲ್ಲ ಮೇಷ್ಟ್ರುಗಳು, ಗುಮಾಸ್ತರು, ಕಾಲೇಜು ಹುಡುಗರು. ಒಬ್ಬರ ಉಗುರಲ್ಲೂ ಮಣ್ಣಿಲ್ಲ. ಆದರೆ ಹಳ್ಳಿಯ ಹಾಡೆಂದರೆ ಪ್ರಾಣ ಬಿಡುತ್ತಾರೆ. ಹಾಡು ಮುಗಿದಾಗ ಮುಂದಿನ ಸಾಲಿನ ಒಬ್ಬ ಗಡ್ಡದವನು, “ಇದನ್ನ ಎಲ್ಲಿಂದ ಹಿಡ್ಕೊಂಡ್ ಬಂದೆ ಮಾರಾಯ?” ಎಂದ. ‘ಅಮ್ಮ ಬಟ್ಟೆ ಒಗೆಯುವಾಗ ಹಾಡುತ್ತಿದ್ದಳು’ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವನೇ, “ನಿಮ್ಮ ತಾತ ಏನ್ ಕೆಲಸ ಮಾಡ್ತಿದ್ರು?” ಎಂದ. “ಕುದುರೆ ಹೂಡಿ ಉಳ್ತಿದ್ರು” ಎಂದೆ. “ನೋಡಿದ್ರಾ! ನೇಗಿಲ ಹಿಂದಿನ ಹಾಡು!” ಎಂದು ಅವನು ಇಡೀ ಕೋಣೆಗೆ ಸಾರಿಬಿಟ್ಟ. ನಾನು ಅಲ್ಲ ಎನ್ನಲಿಲ್ಲ. ಮುಂದಿನ ವಾರ ಇನ್ನೊಂದು ಊರಿನ ಕ್ಲಬ್ಬಿನವರು ಕರೆದರು. ಅಲ್ಲಿ ನನ್ನ ಪರಿಚಯ ಹೇಳಿದ್ದೇ ಹಾಗೆ. ಅಲ್ಲೂ ಸುಮ್ಮನಿದ್ದೆ. ರೆಕಾರ್ಡಿನ ಹೊದಿಕೆಗೆ ನಾಲ್ಕು ಮಾತು ಬರೆದುಕೊಡು ಎಂದಾಗ ಮಾತ್ರ ನಾನೇ ಕೂತು, ನನ್ನ ಕೈಯಾರೆ ಬರೆದೆ.

ಇವರಿಗೆ ಹಾಡಿಗಿಂತ ಅದು ಯಾರ ಬಾಯಿಂದ ಬಂತು ಅನ್ನುವುದೇ ದೊಡ್ಡದು. ಈಗ ಸುಳ್ಳು ಗೊತ್ತಾದರೆ ನನ್ನನ್ನು ಒಂದು ಕ್ಲಬ್ಬಿನ ಮೆಟ್ಟಿಲೂ ಹತ್ತಿಸುವುದಿಲ್ಲ. ಜುಲೈನಲ್ಲಿ ಇಂಥ ಹಾಡುಗಳ ದೊಡ್ಡ ಉತ್ಸವವಿದೆ, ಅದರ ಶನಿವಾರದ ಸಂಜೆ ನನ್ನದು. ಅಮ್ಮ, ದಮ್ಮಯ್ಯ, ಲಾರಿಮರ್ ಅವರಿಗೆ ಒಂದು ಸಾಲು ಬರೆದುಬಿಡು: ತಾತನಿಗೆ ಹುಷಾರಿಲ್ಲ, ಬರಬೇಡಿ ಅಂತ. ಇದೊಂದು ಸಲ.

ನಿನ್ನ
ಕ್ಲೆಮ್


ಹೆಂಬ್ಲಿಂಗ್
14 ಫೆಬ್ರವರಿ

ಮಗು ಕ್ಲೆಮ್,

ಬರೆದೆ. ಎದೆಯಲ್ಲಿ ಕಫ ಕಟ್ಟಿದೆ, ಮಾತಾಡಲೂ ಆಗುತ್ತಿಲ್ಲ ಎಂದು ಬರೆದು, ಇಲ್ಲಿನ ಅಂಚೆಯವಳ ಕಣ್ಣಿಗೆ ಬೀಳಬಾರದೆಂದು ಮೂರು ಮೈಲಿ ನಡೆದು ಪಕ್ಕದೂರಿನ ಡಬ್ಬಿಗೆ ಹಾಕಿ ಬಂದೆ. ಮನೆಗೆ ಬಂದರೆ ತಾತ ಒಲೆಯ ಮುಂದೆ ಕೂತು ಕೆಮ್ಮುತ್ತಿದ್ದರು. ನಿಜವಾದ ಕೆಮ್ಮು. ನಾನೇ ಬರೆದು ಬರಿಸಿದೆ ಎನ್ನಿಸಿತು. ಎರಡು ದಿನದಿಂದ ಅವರ ಎದೆಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದೇನೆ. “ಏನ್ ಇಷ್ಟೊಂದ್ ಉಪಚಾರ? ನಾನೇನ್ ಸಾಯ್ತಿದೀನಾ?” ಎಂದು ರೇಗುತ್ತಾರೆ.

ಅವರ ಮುಖ ನೋಡುವುದೇ ಕಷ್ಟವಾಗಿದೆ. ನಿನ್ನಪ್ಪ ಯುದ್ಧದಲ್ಲಿ ತೀರಿಕೊಂಡಾಗ ನನಗೆ ಇಪ್ಪತ್ತಾರು, ನಿನಗೆ ಐದು. “ನಿನ್ನ ಮನೆ ಇದೇ” ಎಂದರು, ಅಷ್ಟೇ. ಮತ್ತೆ ಆ ಮಾತು ಎತ್ತಿಲ್ಲ. ಅವರ ಒಂದೇ ಒಂದು ಮಾತನ್ನು ನಾನು ಇಪ್ಪತ್ತೆರಡು ವರ್ಷದಿಂದ ಪ್ರತಿ ಸೋಮವಾರ ಮುರಿದಿದ್ದೇನೆ. ಒಗೆಯುವ ಕೋಣೆಯ ಬಾಗಿಲು ಹಾಕಿಕೊಂಡು, ನೀರು ಕುದಿಯುವ ಸದ್ದಿನ ಅಡಿಯಲ್ಲಿ ಹಾಡಿದ್ದೇನೆ. ಅದು ಅವರಿಗೆ ಗೊತ್ತಾದರೆ?

ನಿನ್ನ ರೆಕಾರ್ಡು ನನಗೆ ಕಳಿಸು. ಪಕ್ಕದ ಡೋರೀನ್ ಪೂಲಿ ಮನೆಯಲ್ಲಿ ಗ್ರಾಮಫೋನ್ ಇದೆ. ಮೂರು ತಿಂಗಳಾಯಿತಂತೆ ಬಂದು; ಊರಿನ ಮೇಷ್ಟ್ರಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ.

ನಿನ್ನ ಅಮ್ಮ
ಥರ್ಜಾ


ಲಂಡನ್
21 ಫೆಬ್ರವರಿ

ಅಮ್ಮ,

ರೆಕಾರ್ಡು ಇದರ ಜೊತೆಗಿದೆ. ಹಾಡು ಕೇಳು. ಹೊದಿಕೆಯ ಹಿಂದೆ ಇರುವುದನ್ನು ಓದಬೇಡ.

ಲಾರಿಮರ್ ನಿನ್ನೆ ಕ್ಲಬ್ಬಿಗೆ ಬಂದಿದ್ದರು. ತುಂಬ ಒಳ್ಳೆಯ ಮನುಷ್ಯ, ಅದೇ ಕಷ್ಟ. ನನ್ನ ಕೈ ಹಿಡಿದುಕೊಂಡು, “ತಾತಂಗೆ ಹುಷಾರಿಲ್ವಂತೆ. ಹಾಗಾದ್ರೆ ತಡ ಮಾಡಬಾರದು ಕ್ಲೆಮ್. ಹೋದ ವರ್ಷ ಇಬ್ಬರು ಮುದುಕರನ್ನ ಹೀಗೇ ಕಳ್ಕೊಂಡೆ. ನಾನು ಹಾಡ್ಸೋದಿಲ್ಲ, ಸುಮ್ನೆ ನೋಡ್ಕೊಂಡ್ ಬರ್ತೀನಿ” ಎಂದರು. ನಾಲ್ಕನೇ ತಾರೀಕು ಬಂದೇ ಬರುತ್ತಾರೆ.

ಆಮೇಲೆ ಹಾಡಲು ನಿಂತವನು ಮೂರನೆಯ ಪದ್ಯದಲ್ಲಿ ಮಾತು ಮರೆತೆ. ಮೆಲೋಡಿಯನ್ ಮೇಲೆ ಕುಣಿತದ ಗತ್ತು ಹಿಡಿದು ಹೇಗೋ ದಾಟಿದೆ. ಜನ ಕಾಲು ಕುಟ್ಟಿ ಚಪ್ಪಾಳೆ ಹೊಡೆದರು. ಅವರಿಗೆ ಏನೂ ತಿಳಿಯಲಿಲ್ಲ.

ಕ್ಲೆಮ್


ಹೆಂಬ್ಲಿಂಗ್
ಮಂಗಳವಾರ, 7 ಮಾರ್ಚ್

ಮಗು ಕ್ಲೆಮ್,

ಶನಿವಾರ ಅವರು ಬಂದು ಹೋದರು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ತಾತ ಅವರನ್ನು ಪ್ರಾರ್ಥನಾ ಮಂದಿರದ ಕಡೆಯವರು ಎಂದುಕೊಂಡು ಒಳಗೆ ಕರೆದು ಕೂರಿಸಿದರು. ನಾನು ಚಹಾ ಇಟ್ಟೆ. ಆ ಮನುಷ್ಯ ತಾತನ ಕೈಯ ಗಂಟುಗಳನ್ನು ದೇವರ ಪಟ ನೋಡಿದ ಹಾಗೆ ನೋಡುತ್ತಾ ಕೂತರು. ನನ್ನ ಕಡೆ ತಿರುಗಿದ್ದು ಎರಡೇ ಸಲ: ಸಕ್ಕರೆ ಬೇಡ ಎನ್ನಲು ಒಮ್ಮೆ, ಪ್ಲಗ್ಗು ಎಲ್ಲಿದೆ ಎಂದು ಕೇಳಲು ಒಮ್ಮೆ. ಆಮೇಲೆ, “ಲಾರ್ಟರ್ ಅವರೇ, ನಿಮ್ಮ ಮೊಮ್ಮಗನಿಗೆ ನೀವು ಕಲಿಸಿದ ಹಾಡುಗಳು ಈಗ ಇಡೀ ದೇಶಕ್ಕೇ ಗೊತ್ತು” ಎಂದರು.

ತಾತ, “ಯಾವ ಹಾಡು?” ಎಂದರು.

ಅವರು ಜೇಬಿನಿಂದ ಚೀಟಿ ತೆಗೆದು ಒಂದೊಂದೇ ಹೆಸರು ಓದಿದರು. ಹನ್ನೊಂದೂ. ನನ್ನ ಕೈಯಲ್ಲಿ ಚಹಾದ ಪಾತ್ರೆ ಇತ್ತು. ಅದರ ಮುಚ್ಚಳ ಕಟಕಟ ಎನ್ನುತ್ತಿತ್ತು, ನಿಲ್ಲಿಸಲು ನನ್ನಿಂದ ಆಗಲಿಲ್ಲ. ಓದು ಮುಗಿದ ಮೇಲೆ ತಾತ ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಅವರ ಕಡೆ ತಿರುಗಿ, “ಇವತ್ತು ಗಂಟಲು ಕೆಟ್ಟಿದೆ. ಬರೋ ತಿಂಗಳು ಎಂಟಕ್ಕೆ ಬನ್ನಿ” ಎಂದರು.

ಲಾರಿಮರ್ ಖುಷಿಯಾಗಿ ಕೈಕುಲುಕಿ ಹೋದರು. ಆವತ್ತಿನಿಂದ ತಾತ ನನ್ನ ಜೊತೆ ಒಂದು ಮಾತೂ ಆಡಿಲ್ಲ. ಬಡಿಸಿದ್ದನ್ನು ಉಣ್ಣುತ್ತಾರೆ, ತಟ್ಟೆ ತಾವೇ ತೊಳೆದಿಡುತ್ತಾರೆ. ತಟ್ಟೆ ತೊಳೆದವರಲ್ಲ ಅವರು ಎಂದೂ. ಅದೇ ನನಗೆ ಇನ್ನೂ ಹೆಚ್ಚು ಭಯ.

ಡೋರೀನ್ ಮನೆಯಲ್ಲಿ ನಿನ್ನ ರೆಕಾರ್ಡು ಕೇಳಿದೆ. ಧ್ವನಿ ಚೆನ್ನಾಗಿದೆ, ನಿನ್ನಪ್ಪನದೇ. ಆದರೆ ‘ಉಪ್ಪಿನ ಹುಡುಗಿ’ಯನ್ನು ‘ಉಳುವ ಹುಡುಗಿ’ ಮಾಡಿದ್ದೀಯಲ್ಲ. ಅವಳು ಎಲ್ಲಿ ಉತ್ತಳಪ್ಪಾ? ಯಾರ್ಮತ್ತಿನ ಬಂದರಲ್ಲಿ ಹೆರಿಂಗ್ ಮೀನಿನ ಕರುಳು ತೆಗೆದು, ಉಪ್ಪು ಹಾಕಿ ಪೀಪಾಯಿ ತುಂಬುತ್ತಿದ್ದವಳು. ನಮ್ಮಮ್ಮ ಹದಿನಾಲ್ಕರಿಂದ ಆ ಕೆಲಸ ಮಾಡಿದವಳು. ಚಾಕು ತಾಗದಿರಲೆಂದು ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಸಾಲಾಗಿ ನಿಂತು ಹಾಡುತ್ತಿದ್ದರು. ನೀನು ಅದನ್ನು ಹೆಣದ ಮುಂದೆ ಹಾಡುವವನ ಹಾಗೆ ಎಳೆದಿದ್ದೀಯ.

ಹೊದಿಕೆಯ ಹಿಂದೆ ಬರೆದದ್ದನ್ನೂ ಓದಿದೆ. ‘ತಾತನ ನಂತರ ಈ ಹಾಡುಗಳನ್ನು ಉಳಿಸಿಕೊಳ್ಳುವವರು ನಮ್ಮ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.’ ಡೋರೀನ್ ಅದನ್ನು ಜೋರಾಗಿ ಓದಿದಳು. ಆಮೇಲೆ ಕೇಕು ತಿನ್ನು ಎಂದು ಬಲವಂತ ಮಾಡಿದಳು.

ಅಮ್ಮ


ಲಂಡನ್
11 ಮಾರ್ಚ್

ಅಮ್ಮ,

ಆ ಸಾಲನ್ನು ರೆಕಾರ್ಡಿನ ಕಂಪನಿಯವರು ಸೇರಿಸಿದರು ಎಂದು ಬರೆಯಲು ಕೂತಿದ್ದೆ. ಅದೂ ಸುಳ್ಳು. ನಾನೇ ಬರೆದದ್ದು. ಯಾರಾದರೂ ‘ನಿಮ್ಮ ತಾಯಿ ಹಾಡುತ್ತಾರಾ?’ ಎಂದು ಕೇಳುವ ಮೊದಲೇ ಬಾಗಿಲು ಹಾಕಿದ ಹಾಗಿರಲಿ ಎಂದು ಬರೆದೆ.

ನಾನು ಬರಲಾ? ತಾತನ ಮುಂದೆ ನಿಲ್ಲಲು ಹೆದರಿಕೆ. ನೀನು ಬಾ ಎಂದರೆ ಬರುತ್ತೇನೆ.

ಕ್ಲೆಮ್


ಹೆಂಬ್ಲಿಂಗ್
16 ಮಾರ್ಚ್

ಕ್ಲೆಮ್,

ಬಾ ಎನ್ನಲೋ ಬೇಡ ಎನ್ನಲೋ ತಿಳಿಯುತ್ತಿಲ್ಲ.

ಭಾನುವಾರ ತಾತ ಪ್ರಾರ್ಥನೆಗೆ ಹೋಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ತಪ್ಪಿಸಿದ್ದು ಇದೇ ಮೊದಲು. ಆ ದಿನ ಉಪದೇಶ ಅವರದೇ ಇತ್ತು. ಕೋಟು ಹಾಕಿಕೊಂಡು ಬಾಗಿಲವರೆಗೆ ಬಂದು ನಿಂತರು. ನಾನು ಟೋಪಿ ಕೊಡಲು ಹೋದೆ. ಒಂದು ವಾರದ ಮೇಲೆ ಮೊದಲ ಮಾತು ಆಡಿದರು: “ಗಂಟಲು ಕೆಟ್ಟಿದೆ ಅಂತ ಆ ಮನುಷ್ಯಂಗೆ ಸುಳ್ಳು ಹೇಳಿದೀನಿ. ಆ ಬಾಯಲ್ಲಿ ನಾನು ಅಲ್ಲಿ ಹೋಗಿ ಏನ್ ಹೇಳ್ಲಿ?” ಕೋಟು ಬಿಚ್ಚಿ ಮೊಳೆಗೆ ಹಾಕಿ ಹಿತ್ತಿಲಿಗೆ ಹೋದರು.

ಮಂದಿರದಿಂದ ಇಬ್ಬರು ಬಂದು ವಿಚಾರಿಸಿಕೊಂಡು ಹೋದರು. ನಾನು ಕೆಮ್ಮು ಎಂದೆ.

ಬುಧವಾರ ಬಸ್ಸು ಹತ್ತಿ ಯಾರ್ಮತ್ತಿಗೆ ಹೋಗಿದ್ದೆ. ಮೀನು ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಹೆಂಗಸರನ್ನು ತೆಗೆದುಕೊಳ್ಳುತ್ತಾರಂತೆ, ಅಲ್ಲೇ ಇರಲು ಕೋಣೆಯೂ ಇದೆಯಂತೆ. ವಿಚಾರಿಸಿಕೊಂಡು ಬಂದೆ, ಅಷ್ಟೇ. ಮನೆ ಬಿಡು ಎಂದು ಅವರೇನೂ ಹೇಳಿಲ್ಲ. ಹೇಳುವ ತನಕ ಕಾಯುವುದು ಬೇಡ ಎನ್ನಿಸಿತು.

ಅಮ್ಮ


ಹೆಂಬ್ಲಿಂಗ್
28 ಮಾರ್ಚ್ 1967

ಕ್ಲೆಮೆಂಟ್,

ಈ ಪತ್ರ ಬರೆಯುತ್ತಿರುವುದು ನಿನ್ನ ತಾಯಿಗೆ ತಿಳಿದಿಲ್ಲ. ನಾನು ಪತ್ರ ಬರೆದು ರೂಢಿಯಿಲ್ಲ, ಆದ್ದರಿಂದ ನೇರವಾಗಿ ಬರೆಯುತ್ತೇನೆ.

ನಿನ್ನ ತಾಯಿ ಹಾಡುವುದು ನನಗೆ ಗೊತ್ತು. ನಿನ್ನಪ್ಪ ಹೋದ ವರ್ಷದ ಒಂದು ಸೋಮವಾರ ಮೊದಲು ಕೇಳಿದೆ. ನಿಲ್ಲಿಸಬೇಕೆಂದು ಹೋಗಿ ಬಾಗಿಲ ಚಿಲಕಕ್ಕೆ ಕೈಹಾಕಿದ್ದೆ. ತೆಗೆಯಲಿಲ್ಲ. ಗಂಡ ಸತ್ತು ಎಂಟು ತಿಂಗಳು ಅವಳ ಬಾಯಿಂದ ಹೌದು, ಇಲ್ಲ ಎರಡೇ ಮಾತು ಬರುತ್ತಿತ್ತು. ಒಳಗೆ ಹಾಡುತ್ತಿದ್ದವಳು ಬದುಕಿದ್ದ ಹೆಂಗಸು. ನಾನು ಕೈ ತೆಗೆದು ಹಿಂದಕ್ಕೆ ಬಂದೆ. ಆಮೇಲೆ ಸೋಮವಾರಗಳಂದು ಆ ಗೋಡೆಯ ಹಿಂದೆ ನನಗೆ ಏನಾದರೂ ಕೆಲಸ ಇರುತ್ತಿತ್ತು. ಕೇಳಲು ನಿಂತೆ ಎಂದು ತಿಳಿಯಬೇಡ. ಕೆಲಸ ಇರುತ್ತಿತ್ತು.

ನನಗೆ ಗೊತ್ತು ಎಂದು ಅವಳಿಗೆ ನಾನು ಹೇಳಲಿಲ್ಲ. ಇಪ್ಪತ್ತೆರಡು ವರ್ಷ ಹೇಳಲಿಲ್ಲ. ಹೇಳಿದರೆ ನನ್ನ ಮಾತು ನಾನೇ ಹಿಂತೆಗೆದುಕೊಂಡ ಹಾಗಾಗುತ್ತಿತ್ತು. ಲಾರಿಮರ್ ಚೀಟಿ ಓದಿದಾಗ ಅವಳ ಕೈಯಲ್ಲಿ ಪಾತ್ರೆಯ ಮುಚ್ಚಳ ಅಲುಗುತ್ತಿತ್ತು. ಐವತ್ತು ವರ್ಷದ ಹೆಂಗಸು ನನ್ನ ಮನೆಯಲ್ಲಿ ನನಗೆ ಹೆದರಿ ನಡುಗುತ್ತಿದ್ದಳು. ಅದು ನಿನ್ನ ತಪ್ಪಲ್ಲ, ನನ್ನದು. ಅದಕ್ಕೆ ನಾನು ಉತ್ತರ ಹೇಳಬೇಕು. ಆವತ್ತು ನಿಜ ಹೇಳಿದ್ದರೆ ಆ ಮನುಷ್ಯ ಹಾಡಿ ಎಂದು ಅಲ್ಲೇ ಅವಳ ಬೆನ್ನು ಹತ್ತುತ್ತಿದ್ದ ಎಂದು ಸುಳ್ಳು ಹೇಳಿದೆ. ಆ ಸುಳ್ಳು ಇಟ್ಟುಕೊಂಡು ಈಸ್ಟರ್ ಹಬ್ಬಕ್ಕೂ ಮಂದಿರಕ್ಕೆ ಹೋಗಲಾಗಲಿಲ್ಲ.

ನಿನ್ನ ತಪ್ಪು ಬೇರೆ. ನೀನು ಅವಳ ವಸ್ತು ತೆಗೆದು ನನ್ನ ಹೆಸರು ಬರೆದೆ. ನನಗೆ ಬೇಡದ ಹೆಸರು, ಅವಳಿಗೆ ಸೇರಬೇಕಾದ ಹೆಸರು.

ಏಪ್ರಿಲ್ ಎಂಟಕ್ಕೆ ಲಾರಿಮರ್ ಬಂದಾಗ ನಾನು ನಿಜ ಹೇಳುತ್ತೇನೆ. ಅದಕ್ಕೆ ಮೊದಲು ನೀನು ಬಂದು ಅವಳ ಮುಂದೆ ನಿಂತು ಹೇಳು. ಆಗದಿದ್ದರೆ ಬರಬೇಡ.

ಜೇಬೆಜ್ ಲಾರ್ಟರ್


ಲಂಡನ್
4 ಏಪ್ರಿಲ್

ಅಮ್ಮ,

ಶನಿವಾರ ಬೆಳಗಿನ ರೈಲಿಗೆ ಬರುತ್ತೇನೆ. ಹತ್ತೂವರೆಯ ಬಸ್ಸಿಗೆ ಹೆಂಬ್ಲಿಂಗ್‌ನಲ್ಲಿ ಇರುತ್ತೇನೆ. ಶುಕ್ರವಾರ ಕ್ಲಬ್ಬಿನಲ್ಲಿ ನನ್ನ ಸರದಿ ಇದೆ. ಅಲ್ಲಿ ಎಲ್ಲರ ಮುಂದೆ ನಿಜ ಹೇಳಿಯೇ ಬರಬೇಕೆಂದಿದ್ದೇನೆ. ತಾತ ನನಗೆ ಬರೆದಿದ್ದಾರೆ. ಏನು ಬರೆದರೆಂದು ಅವರನ್ನೇ ಕೇಳು. ಯಾರ್ಮತ್ತಿನ ಕೋಣೆಯ ಯೋಚನೆ ಬಿಡು.

ನಿನ್ನ
ಕ್ಲೆಮ್


ಹೆಂಬ್ಲಿಂಗ್
ಭಾನುವಾರ, 9 ಏಪ್ರಿಲ್

ಕ್ಲೆಮ್,

ಹತ್ತೂವರೆಯ ಬಸ್ಸಿಗೆ ಹೋಗಿ ನಿಂತಿದ್ದೆ. ಇಳಿದವರು ಮೂವರು. ಹನ್ನೆರಡೂಕಾಲಿನದಕ್ಕೂ ಹೋದೆ. ನಿನಗೆ ಏನಾದರೂ ಆಯಿತೇನೋ ಎಂದು ಟೆಲಿಫೋನ್ ಡಬ್ಬಿಗೆ ಹೋಗಿ ನಿನ್ನ ಮನೆಯೊಡತಿಗೆ ಫೋನು ಮಾಡಿದೆ. “ಮೇಲೇ ಇದಾನಲ್ಲ ತಾಯಿ, ಬಾಗಿಲು ಹಾಕ್ಕೊಂಡು. ಕರೀಲಾ?” ಎಂದಳು. ಬೇಡ ಎಂದೆ. ಜೀವ ಬಂತು. ಆಮೇಲೆ ಸಿಟ್ಟು ಬಂತು. ಇನ್ನೂ ಹೋಗಿಲ್ಲ.

ಎರಡು ಗಂಟೆಗೆ ಲಾರಿಮರ್ ಬಂದರು. ಯಂತ್ರ ಮೇಜಿನ ಮೇಲಿಟ್ಟು ಚಕ್ರ ತಿರುಗಿಸಿದರು. ತಾತ ಎದ್ದು ನಿಂತು, ಮಂದಿರದಲ್ಲಿ ನಿಲ್ಲುವ ಹಾಗೆ ಕೈಕಟ್ಟಿಕೊಂಡು ಹೇಳಿದರು: “ನೋಡಿ ಸ್ವಾಮಿ, ಹೋದ ಸಲ ನನ್ನ ಗಂಟಲಿಗೆ ಏನೂ ಆಗಿರಲಿಲ್ಲ. ನಂಗೆ ಹಾಡು ಬರಲ್ಲ. ನಾನು ಆ ಹುಡುಗಂಗೆ ಕಳೆ ಕೀಳೋದು ಕಲ್ಸಿದೀನಿ, ಅದೂ ಅವನು ನೆಟ್ಟಗೆ ಕಲೀಲಿಲ್ಲ. ನೀವು ಓದಿದ್ರಲ್ಲ, ಅವೆಲ್ಲ ನನ್ನ ಸೊಸೇದು. ನಿಮಗೆ ಎರಡು ಸಲ ಟೀ ಕೊಟ್ಟಳಲ್ಲ, ಅವಳದು.”

ಲಾರಿಮರ್ ಮುಖ ಕೆಂಪಾಯಿತು. ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದರು. “ಹಾಡ್ತೀರಾ ಅಮ್ಮ?” ಎಂದರು. ಇಲ್ಲ ಎಂದೆ. ಆಗ ತಾತ ಟೋಪಿ ಕೈಗೆ ತೆಗೆದುಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ, “ನಾನು ಆಚೆ ಹೋಗ್ಲಾ ಥರ್ಜಾ, ಇಲ್ಲೇ ಇರ್ಲಾ? ನಿಂಗೆ ಹ್ಯಾಗೆ ಅನುಕೂಲ?” ಎಂದು ಕೇಳಿದರು.

“ಇರಿ ಮಾವ” ಎಂದೆ. ಯಾಕೆ ಹಾಗೆಂದೆನೋ. ಹೋಗಿ ಎಂದಿದ್ದರೆ ಸುಲಭವಿತ್ತು.

ಕುರ್ಚಿಯ ಅಂಚು ಹಿಡಿದುಕೊಂಡು ಕಣ್ಣು ಮುಚ್ಚಿ ಹಾಡಿದೆ. ಮೊದಲ ಹಾಡು ಮುಗಿದಾಗ ಲಾರಿಮರ್ ಕನ್ನಡಕ ಒರೆಸಿಕೊಂಡರು. ತಾತ ಹೇಳಿದರು: “ಸೋಮವಾರ ನೀನು ಇದಕ್ಕಿಂತ ಜೋರಾಗಿ ಹಾಡ್ತಿದ್ದೆ.”

ಕ್ಲೆಮ್, ಅವರಿಗೆ ಗೊತ್ತಿತ್ತು. ಇಷ್ಟೂ ವರ್ಷ. ನಾನು ನಗಬೇಕೋ ಅಳಬೇಕೋ ತಿಳಿಯದೆ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಆಮೇಲೆ ಒಂಬತ್ತು ಹಾಡಿದೆ. ಲಾರಿಮರ್ ‘ಶ್ರೀಮತಿ ಲಾರ್ಟರ್’ ಎಂದು ಬರೆದುಕೊಳ್ಳುತ್ತಿದ್ದರು. ನನ್ನ ಹೆಸರು ಥರ್ಜಾ, ಅದನ್ನೂ ಬರೆದುಕೊಳ್ಳಿ ಎಂದೆ.

ನೀನು ಯಾಕೆ ಬರಲಿಲ್ಲ ಎಂದು ತಾತ ಕೇಳಲಿಲ್ಲ. ನಿನ್ನ ಹೆಸರೇ ಎತ್ತುತ್ತಿಲ್ಲ.

ಅಮ್ಮ


ಲಂಡನ್
13 ಏಪ್ರಿಲ್

ಅಮ್ಮ,

ಶುಕ್ರವಾರ ಹೇಳಲಿಲ್ಲ. ಎದ್ದು ನಿಂತೆ, ಎಲ್ಲರೂ ನೋಡುತ್ತಿದ್ದರು, ಬಾಯಿಗೆ ಬರಲಿಲ್ಲ. ಎಂದಿನಂತೆ ‘ನಮ್ಮ ತಾತ’ ಎಂದೇ ಶುರು ಮಾಡಿ ಹಾಡಿ ಇಳಿದೆ. ಅಲ್ಲಿ ಹೇಳದವನು ನಿನ್ನ ಮುಂದೆ ಯಾವ ಮುಖ ಇಟ್ಟುಕೊಂಡು ಬರಲಿ? ಶೂ ಹಾಕಿಕೊಂಡು ಹಾಸಿಗೆಯ ಮೇಲೆ ಕೂತಿದ್ದೆ. ಕೂತಿದ್ದ ಹಾಗೇ ರೈಲಿನ ಹೊತ್ತು ಮೀರಿತು. ಫೋನು ಬಂದದ್ದು ಕೇಳಿಸಿತ್ತು. ನೀನೇ ಎಂದು ಗೊತ್ತಿತ್ತು.

ಕ್ಲೆಮ್


ಲಂಡನ್
2 ಜೂನ್

ಅಮ್ಮ,

ಏಳು ವಾರದಿಂದ ನೀನು ಬರೆದಿಲ್ಲ. ಬರೆಯಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

ಲಾರಿಮರ್ ತಮ್ಮ ಪತ್ರಿಕೆಯಲ್ಲಿ ನಿನ್ನ ಬಗ್ಗೆ ನಾಲ್ಕು ಪುಟ ಬರೆದಿದ್ದಾರೆ. ನನ್ನ ಬಗ್ಗೆ ಒಂದೇ ವಾಕ್ಯ, ಅದರಲ್ಲಿ ಸಿಟ್ಟೂ ಇಲ್ಲ. ಎರಡು ಕ್ಲಬ್ಬಿನವರು ನನ್ನ ಹೆಸರು ಹೊಡೆದುಹಾಕಿದರು. ಉತ್ಸವದವರು ಶನಿವಾರದ ಸಂಜೆ ನನ್ನ ಬದಲು ನಿನ್ನನ್ನು ಕರೆಯುತ್ತಾರೆ ಎಂದು ಕೇಳಿದೆ. ಹೋಗಮ್ಮ. ನನ್ನ ಕಾರಣಕ್ಕೆ ಬೇಡ ಎನ್ನಬೇಡ. ಅಲ್ಲಿ ಸಾವಿರ ಜನ ಇರುತ್ತಾರೆ, ಯಾರೂ ಕೆಟ್ಟವರಲ್ಲ.

ನಾನು ಈಗ ಒಂದು ಕುಣಿತದ ತಂಡಕ್ಕೆ ಮೆಲೋಡಿಯನ್ ನುಡಿಸುತ್ತಿದ್ದೇನೆ. ಹಾಡುವುದಿಲ್ಲ. ಕುಣಿಯುವವರು ವಾದ್ಯದವನು ಯಾರ ಮೊಮ್ಮಗ ಎಂದು ಕೇಳುವುದಿಲ್ಲ.

ಕ್ಲೆಮ್


ಹೆಂಬ್ಲಿಂಗ್
12 ಜೂನ್

ಮಗು ಕ್ಲೆಮ್,

ಉತ್ಸವದವರ ಪತ್ರ ಬಂತು. ಬರುತ್ತೇನೆ ಎಂದು ಬರೆದುಬಿಟ್ಟೆ. ಬರೆದ ದಿನದಿಂದ ನಿದ್ದೆಯಿಲ್ಲ. ಸಾವಿರ ಜನವಂತೆ! ನಮ್ಮ ಇಡೀ ಊರೇ ಇನ್ನೂರು.

ಅವರನ್ನು ಒಂದೇ ಕೇಳಿಕೊಂಡಿದ್ದೇನೆ. ನಾನು ಹಾಡುವ ಮೊದಲು ಈ ಹಾಡುಗಳು ಎಲ್ಲಿಂದ ಬಂದವು ಎಂದು ಒಬ್ಬರು ಎದ್ದು ಹೇಳಬೇಕು. ನನ್ನ ಹೆಸರು ಮಾತ್ರ ಅಲ್ಲ. ನಮ್ಮಮ್ಮ ಕೆಜಾಯಾ ಅಟಿಂಗ್, ಅವಳ ಜೊತೆ ನಿಂತು ಮೀನು ಕೊಯ್ದ ಎಲೆನ್ ಮತ್ತು ರೋಡಾ, ಅವರ ಹೆಸರನ್ನೂ ಹೇಳಬೇಕು. ಹೇಳುವವನು ನೀನು. ‘ನನ್ನ ಮಗ ಹೇಳುತ್ತಾನೆ’ ಎಂದು ಬರೆದಿದ್ದೇನೆ.

ಈ ಸಲವೂ ನೀನು ಬರದಿದ್ದರೆ ನಾನು ಅಲ್ಲಿ ಒಬ್ಬಳೇ ನಿಂತಿರುತ್ತೇನೆ. ಹಾಡಿಯೇ ಹಾಡುತ್ತೇನೆ. ಆದರೆ ನೀನು ಬಾ.

ಅಮ್ಮ


ಲಂಡನ್
ಸೋಮವಾರ, 17 ಜುಲೈ

ತಾತ,

ನೀವು ನನ್ನ ಪತ್ರ ಓದುತ್ತೀರೋ ಇಲ್ಲವೋ ತಿಳಿಯದು. ಅಮ್ಮ ನನ್ನ ಕೋಣೆಯಲ್ಲಿ ಮಲಗಿದ್ದಾಳೆ, ಎರಡು ದಿನದ ದಣಿವು. ಶನಿವಾರ ಏನಾಯಿತೆಂದು ನಿಮಗೆ ಹೇಳಬೇಕಾದವನು ನಾನು.

ಡೇರೆಯ ಹಿಂದೆ ಕಾಯುತ್ತಿದ್ದಾಗ ಅಮ್ಮ ಎರಡು ಸಲ ವಾಂತಿ ಮಾಡಿಕೊಂಡಳು. ನಾನು ನೀರಿನ ಲೋಟ ಹಿಡಿದಿದ್ದೆ, ಅರ್ಧ ನನ್ನ ಅಂಗಿಯ ಮೇಲೇ ಚೆಲ್ಲಿತು. “ನೀನ್ಯಾಕೋ ನಡುಗ್ತೀಯ, ಹಾಡೋಳು ನಾನು” ಎಂದಳು. ನಮ್ಮನ್ನು ಕರೆದರು. ನಾನು ಮುಂದೆ ಹೋಗಿ ನಿಂತೆ. ಮೊದಲ ಸಾಲಿನಲ್ಲಿ ಆ ಗಡ್ಡದವನೇ ಕೂತಿದ್ದ. ಮೂರು ವರ್ಷ ನಿಮಗೆಲ್ಲ ಸುಳ್ಳು ಹೇಳಿದೆ ಎಂದು ಆ ಜನರಿಗೆ ಹೇಳಿದೆ. ನಮ್ಮ ತಾತ ಹಾಡಲಿಲ್ಲ, ಅವರು ಕೇಳಿದರು ಎಂದೆ. ಅಮ್ಮ ಹೇಳಿಕೊಟ್ಟ ಹೆಸರುಗಳನ್ನೆಲ್ಲ ಹೇಳಿದೆ. ಯಾರೋ ಹಿಂದಿನಿಂದ “ಕಳ್ಳ!” ಎಂದು ಕೂಗಿದರು. ಕೆಲವರು ಎದ್ದು ಹೋದರು. ನಾನು ಇಳಿದು ಬಂದು ಪಕ್ಕದಲ್ಲಿ ನಿಂತೆ.

ಅಮ್ಮ ‘ಉಪ್ಪಿನ ಹುಡುಗಿ’ ಹಾಡಿದಳು. ಮೊದಲ ಪದ್ಯ ಯಾರಿಗೂ ಕೇಳಿಸಲಿಲ್ಲ. ಎರಡನೆಯದಕ್ಕೆ ದನಿ ಬಂತು. ಪಲ್ಲವಿಗೆ ಜನ ದನಿ ಸೇರಿಸಿದರು, ನಾನು ರೆಕಾರ್ಡಿನಲ್ಲಿ ಎಳೆದ ಹಾಗೇ ಎಳೆದುಕೊಂಡು. ಅಮ್ಮ ಹಾಡು ನಿಲ್ಲಿಸಿಬಿಟ್ಟಳು. “ಏನ್ರಪ್ಪಾ ಇಷ್ಟು ನಿಧಾನ?” ಎಂದಳು. “ಹೀಗೆ ಎಳೆದ್ರೆ ಮೀನೆಲ್ಲ ಕೊಳೆತು ಹೋಗುತ್ತೆ. ಕೈ ಆಡ್ಸಿ!” ಡೇರೆಯೇ ಹಾರಿಹೋಗುವ ಹಾಗೆ ನಕ್ಕರು. ಆಮೇಲೆ ಅವಳ ಕೈ ಗಾಳಿಯಲ್ಲಿ ಚಾಕು ಹಿಡಿದಂತೆ ಆಡತೊಡಗಿತು. ಅದರ ಲಯಕ್ಕೆ ಇಡೀ ಜನ ಹಾಡಿದರು. ನಾನು ಆ ಹಾಡನ್ನು ನೂರಾರು ಸಲ ಹಾಡಿದ್ದೇನೆ ತಾತ. ಅದು ಏನೆಂದು ನನಗೆ ಗೊತ್ತಿರಲಿಲ್ಲ.

ಕೊನೆಗೆ ಅವಳೇ ನನ್ನನ್ನು ಕರೆದು ಅಪ್ಪನ ಕುಣಿತದ ಒಂದು ಮಟ್ಟು ನುಡಿಸು ಎಂದಳು. ನುಡಿಸಿದೆ. ಎದ್ದು ಹೋದವರು ಯಾರೂ ತಿರುಗಿ ಬರಲಿಲ್ಲ. ಇದ್ದವರು ಕುಣಿದರು.

ಕೆಳಗಿಳಿದ ಮೇಲೆ ಅಮ್ಮನ ಸುತ್ತ ಜನವೋ ಜನ. ಅವಳು ನನ್ನ ತೋಳು ಹಿಡಿದು ಕೇಳಿದ್ದು, “ಮಾವಂಗೆ ಇವತ್ತು ಊಟಕ್ಕೆ ಏನ್ ಆಯ್ತೋ” ಎಂದು.

ಶುಕ್ರವಾರ ಅವಳನ್ನು ಹತ್ತೂವರೆಯ ಬಸ್ಸಿಗೆ ಕರೆತರುತ್ತೇನೆ. ನಾನು ಇಳಿಯಬೇಕೋ, ಅದೇ ಬಸ್ಸಿನಲ್ಲಿ ಹಿಂದಿರುಗಬೇಕೋ ಎಂದು ನೀವು ಹೇಳಬೇಕು.

ಕ್ಲೆಮೆಂಟ್


ಹೆಂಬ್ಲಿಂಗ್
19 ಜುಲೈ

ಕ್ಲೆಮ್,

ಪತ್ರ ಬಂತು. ಎರಡು ಸಲ ಓದಿದೆ. ಡೋರೀನ್ ಪೂಲಿ ಊಟ ತಂದುಕೊಡುತ್ತಿದ್ದಾಳೆ, ಉಪ್ಪು ಜಾಸ್ತಿ.

ಇಳಿ. ಆಲೂಗಡ್ಡೆ ಅಗೆಯುವುದಿದೆ, ನನ್ನೊಬ್ಬನ ಕೈಲಿ ಆಗುವುದಿಲ್ಲ. ನಿನಗೆ ಹೇಳುವುದೇನಾದರೂ ಇದ್ದರೆ ಅಗೆಯುತ್ತಾ ಹೇಳಬಹುದು. ನನಗೂ ಇದೆ.

ಜೇಬೆಜ್ ಲಾರ್ಟರ್